ಹೊಸ ಮೀನಿನ ಟಾಕಿ: ಮರಿ ಬಿಡುವ ಮೊದಲು ನೀರು ಮಾಗಲಿ

ಹುಕ್ಕೇರಿ, ಗೋಕಾಕ, ಮೂಡಲಗಿ ತಾಲ್ಲೂಕುಗಳ ರೈತರಿಗೆ ಮೀನು ಹೊಸದಲ್ಲ. ಹಿಡಕಲ್ ಜಲಾಶಯವಿದೆ, ಧೂಪದಾಳದ ಒಡ್ಡು ಇದೆ, ಘಟಪ್ರಭೆಯ ಕಾಲುವೆಗಳಿವೆ, ಹೊಲದಲ್ಲಿ ಕೃಷಿ ಹೊಂಡಗಳಿವೆ. ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ ಮೀನುಗಳನ್ನು ಬಲ್ಲವರು ಬಹಳ ಜನ. ಆದರೆ ಮನೆಯ ಪಕ್ಕದಲ್ಲಿ, ಬಾವಿಯ ಕಟ್ಟೆಯ ಬಳಿ ಸಿಮೆಂಟಿನ ಅಥವಾ ತಾಡಪತ್ರಿಯ ದುಂಡನೆಯ ಟಾಕಿ ಕಟ್ಟಿ, ಅದೇ ನೀರನ್ನು ಸೋಸಿ ಮತ್ತೆ ಮತ್ತೆ ಬಳಸಿ ಮೀನು ಸಾಕುವ ಪದ್ಧತಿ ಇತ್ತೀಚಿನದು. 2020ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಮತ್ಸ್ಯ ಸಂಪದಾ ಯೋಜನೆಯಲ್ಲಿ ಇಂಥ ಘಟಕಗಳಿಗೂ ಸಹಾಯಧನ ದೊರೆತ ಮೇಲೆ ಅನೇಕ ಯುವ ರೈತರ ಗಮನ ಈ ಕಡೆಗೆ ಹರಿದಿದೆ. ಸ್ವಲ್ಪ ಜಾಗ, ಸ್ವಲ್ಪ ನೀರು ಸಾಕು ಎಂಬುದು ಇದರ ಮುಖ್ಯ ಆಕರ್ಷಣೆ.

ಈ ಪದ್ಧತಿಯಲ್ಲಿ ಮೊದಲ ಸಲ ತೊಡಗುವವರಿಗೆ ಸಾಮಾನ್ಯವಾಗಿ ಒಂದೇ ಬಗೆಯ ನಷ್ಟವಾಗುತ್ತದೆ. ಟಾಕಿ ಕಟ್ಟುತ್ತಾರೆ, ನೀರು ತುಂಬುತ್ತಾರೆ, ನಾಲ್ಕಾರು ದಿನಗಳಲ್ಲಿ ಮರಿ ತಂದು ಬಿಡುತ್ತಾರೆ. ಮೊದಲ ವಾರ ಮರಿಗಳು ಚೆನ್ನಾಗಿ ತಿನ್ನುತ್ತವೆ. ಎರಡನೆಯ ವಾರದಲ್ಲಿ ಮೇಲೆ ಬಂದು ಬಾಯಿ ಬಡಿಯತೊಡಗುತ್ತವೆ. ಮೂರನೆಯ ವಾರದಲ್ಲಿ ಬೆಳಗಿನ ಹೊತ್ತು ಬುಟ್ಟಿಗಟ್ಟಲೆ ಸತ್ತ ಮೀನು ತೆಗೆಯಬೇಕಾಗುತ್ತದೆ. ಆಗ ಮರಿ ಕೊಟ್ಟವರ ಮೇಲೆ, ಆಹಾರದ ಮೇಲೆ, ಇಲ್ಲವೆ ಯಾವುದೋ ರೋಗದ ಮೇಲೆ ತಪ್ಪು ಹೊರಿಸುವುದುಂಟು. ನಿಜವಾದ ಕಾರಣ ಬಹುಪಾಲು ಸಂದರ್ಭಗಳಲ್ಲಿ ಬೇರೆ. ನೀರು ಇನ್ನೂ ಮಾಗಿರುವುದಿಲ್ಲ. ನೀರು ಮಾಗುವುದೆಂದರೇನು, ಅದನ್ನು ಮಾಗಿಸುವುದು ಹೇಗೆ ಎಂಬುದನ್ನು ಈ ಲೇಖನದಲ್ಲಿ ತಿಳಿಸಲಾಗಿದೆ.

ಕಣ್ಣಿಗೆ ತಿಳಿ, ಮೀನಿಗೆ ವಿಷ

ಮೀನು ತಿಂದ ಆಹಾರದಲ್ಲಿರುವ ಸಸಾರಜನಕದ ಒಂದು ಭಾಗ ಮಾತ್ರ ಮೈಗೆ ಹತ್ತುತ್ತದೆ. ಉಳಿದದ್ದು ಅಮೋನಿಯವಾಗಿ ಮುಖ್ಯವಾಗಿ ಕಿವಿರುಗಳ ಮೂಲಕ ನೀರಿಗೆ ಸೇರುತ್ತದೆ. ತಿನ್ನದೆ ಉಳಿದ ಆಹಾರ ಮತ್ತು ಹಿಕ್ಕೆ ಕೊಳೆತಾಗಲೂ ಅಮೋನಿಯ ಹುಟ್ಟುತ್ತದೆ. ಹೊಳೆಯಲ್ಲಿ, ದೊಡ್ಡ ಕೆರೆಯಲ್ಲಿ ನೀರು ಹೆಚ್ಚು, ಮೀನು ಕಡಿಮೆ. ಪಾಚಿ ಮತ್ತು ತಳದ ಕೆಸರು ಈ ಅಮೋನಿಯವನ್ನು ಅರಗಿಸಿಕೊಳ್ಳುತ್ತವೆ. ಟಾಕಿಯಲ್ಲಿ ಆ ಅನುಕೂಲವಿಲ್ಲ.

ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಶೇಕಡಾ 30ರಷ್ಟು ಸಸಾರಜನಕವಿರುವ 1 ಕಿಲೋ ಆಹಾರ ಹಾಕಿದರೆ ಸುಮಾರು 28 ಗ್ರಾಂ ಅಮೋನಿಯ ರೂಪದ ಸಾರಜನಕ ನೀರಿಗೆ ಸೇರುತ್ತದೆ. ನಿಮ್ಮ ಟಾಕಿ 10,000 ಲಿಟರಿನದು, ದಿನಕ್ಕೆ ಅರ್ಧ ಕಿಲೋ ಆಹಾರ ಹಾಕುತ್ತೀರಿ ಎಂದಿಟ್ಟುಕೊಳ್ಳಿ. ದಿನವೊಂದಕ್ಕೆ 14 ಗ್ರಾಂ, ಅಂದರೆ ಲಿಟರಿಗೆ 1.4 ಮಿಲಿಗ್ರಾಂ. ಅದನ್ನು ತೆಗೆಯುವವರು ಯಾರೂ ಇಲ್ಲದಿದ್ದರೆ ಮೂರು ದಿನಗಳಲ್ಲಿ ಲಿಟರಿಗೆ 4 ಮಿಲಿಗ್ರಾಂ ದಾಟುತ್ತದೆ. ಇಷ್ಟಾದರೂ ನೀರು ಕನ್ನಡಿಯಂತೆ ತಿಳಿಯಾಗಿಯೇ ಇರಬಹುದು. ತಿಳಿಯಾದ ನೀರು ಒಳ್ಳೆಯ ನೀರು ಎಂಬ ನಂಬಿಕೆ ಇಲ್ಲಿ ಕೆಲಸಕ್ಕೆ ಬಾರದು.

ನೀರಿನಲ್ಲಿರುವ ಅಮೋನಿಯವೆಲ್ಲವೂ ಒಂದೇ ಪ್ರಮಾಣದಲ್ಲಿ ವಿಷವಲ್ಲ. ನೀರಿನ ರಸಸಾರ ಏರಿದಂತೆ ಅದರ ವಿಷರೂಪದ ಪಾಲು ಹೆಚ್ಚುತ್ತದೆ. 28 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಸಿಹಿನೀರಿನಲ್ಲಿ ರಸಸಾರ 7 ಇದ್ದರೆ ನೂರಕ್ಕೆ ಒಂದು ಪಾಲೂ ವಿಷರೂಪದಲ್ಲಿರುವುದಿಲ್ಲ. ರಸಸಾರ 8 ಆದರೆ ನೂರಕ್ಕೆ 6ರಿಂದ 7 ಪಾಲು, 9 ಆದರೆ ನೂರಕ್ಕೆ ಸುಮಾರು 40 ಪಾಲು. ವಿಷರೂಪದ ಅಮೋನಿಯ ಲಿಟರಿಗೆ 0.05 ಮಿಲಿಗ್ರಾಂ ಮೀರಿದರೆ ಕಿವಿರುಗಳಿಗೆ ಹಾನಿ ತೊಡಗುತ್ತದೆ. ಈ ಮಾತನ್ನು ನೆನಪಿನಲ್ಲಿಡಿ. ಸುಣ್ಣದ ವಿಷಯ ಬಂದಾಗ ಇದು ಮತ್ತೆ ಬೇಕಾಗುತ್ತದೆ.

ನೀರಿನೊಳಗಿನ ದುಡಿಮೆಗಾರರು

ಈ ಅಮೋನಿಯವನ್ನು ಅರಗಿಸುವವು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಗಳು. ಇವು ನಿಮಗೆ ಅಪರಿಚಿತವಲ್ಲ. ನೀವು ಕಬ್ಬಿಗೆ, ಗೋವಿನ ಜೋಳಕ್ಕೆ ಹಾಕಿದ ಯೂರಿಯ ಮೊದಲು ಅಮೋನಿಯವಾಗಿ, ಆಮೇಲೆ ನೈಟ್ರೇಟ್ ಆಗುವುದು ಮಣ್ಣಿನಲ್ಲಿರುವ ಇದೇ ಜಾತಿಯ ಜೀವಿಗಳಿಂದ.

ಈ ಸಂಗತಿ ಬೆಳಕಿಗೆ ಬಂದ ಬಗೆ ನಮ್ಮ ವಿಷಯಕ್ಕೆ ಬಹಳ ಹತ್ತಿರವಾಗಿದೆ. 1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮುಂಟ್ಸ್ ಎಂಬ ವಿಜ್ಞಾನಿಗಳು ಉಸುಕು ಮತ್ತು ಸುಣ್ಣದ ಕಲ್ಲಿನ ಪುಡಿ ತುಂಬಿದ ಕೊಳವೆಯ ಮೂಲಕ ಚರಂಡಿಯ ನೀರನ್ನು ನಿಧಾನವಾಗಿ ಇಳಿಸಿದರು. ಮೊದಲ 20 ದಿನ ಅಮೋನಿಯ ಇದ್ದಂತೆಯೇ ಕೆಳಗೆ ಬಂತು. ಆ ಮೇಲೆ ನೈಟ್ರೇಟ್ ಕಾಣಿಸತೊಡಗಿತು. ಕೊಳವೆಗೆ ಕ್ಲೋರೋಫಾರ್ಮ್ ಆವಿ ಬಿಟ್ಟಾಗ ಕೆಲಸ ನಿಂತಿತು. ಸ್ವಲ್ಪ ಮಣ್ಣು ಕದಡಿದ ನೀರನ್ನು ಹಾಕಿದಾಗ ಮತ್ತೆ ಆರಂಭವಾಯಿತು. ಇದು ಕೇವಲ ರಾಸಾಯನಿಕ ಕ್ರಿಯೆಯಲ್ಲ, ಜೀವಿಗಳ ಕೆಲಸ ಎಂಬುದು ಇದರಿಂದ ಸ್ಪಷ್ಟವಾಯಿತು. 1890ರಲ್ಲಿ ವಿನೊಗ್ರಾಡ್‌ಸ್ಕಿ ಎಂಬ ವಿಜ್ಞಾನಿ ಆ ಜೀವಿಗಳನ್ನು ಬೇರ್ಪಡಿಸಿ ತೋರಿಸಿದರು. ನಿಮ್ಮ ಹೊಸ ಟಾಕಿಯ ಖಡಿಯೂ ಆ ಉಸುಕಿನ ಕೊಳವೆಯಂತೆಯೇ. ಮೊದಲ ಕೆಲವು ವಾರ ಅದರಲ್ಲಿ ಕೆಲಸಗಾರರೇ ಇರುವುದಿಲ್ಲ.

ಈ ಕೆಲಸ ಎರಡು ಹಂತಗಳಲ್ಲಿ ನಡೆಯುತ್ತದೆ. ಒಂದು ಗುಂಪು ಅಮೋನಿಯವನ್ನು ನೈಟ್ರೈಟ್ ಮಾಡುತ್ತದೆ. ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೈಟ್ ಕೂಡ ವಿಷವೇ. ಅದು ರಕ್ತ ಸೇರಿದರೆ ರಕ್ತ ಕಂದು ಬಣ್ಣಕ್ಕೆ ತಿರುಗಿ, ನೀರಿನಲ್ಲಿ ಆಮ್ಲಜನಕ ಇದ್ದರೂ ಮೀನಿಗೆ ಉಸಿರು ಕಟ್ಟುತ್ತದೆ. ಕೊನೆಯ ನೈಟ್ರೇಟ್ ಮಾತ್ರ ಸಾಧಾರಣ ಪ್ರಮಾಣದಲ್ಲಿ ಮೀನಿಗೆ ತೊಂದರೆ ಮಾಡದು.

ಎರಡನೆಯ ಗುಂಪಿಗೆ ನೈಟ್ರೈಟೇ ಆಹಾರ. ಆದುದರಿಂದ ಮೊದಲ ಗುಂಪು ಬೆಳೆದ ಮೇಲೆಯೇ ಅದು ಬೆಳೆಯುತ್ತದೆ. ಎರಡೂ ಗುಂಪುಗಳ ಬೆಳವಣಿಗೆ ಬಹಳ ನಿಧಾನ. ಸಾಮಾನ್ಯ ಕೊಳೆಯಿಸುವ ಬ್ಯಾಕ್ಟೀರಿಯಗಳು ಅರ್ಧ ಗಂಟೆಯೊಳಗೆ ಒಂದಕ್ಕೆ ಎರಡಾದರೆ, ಇವು ಎರಡಾಗಲು ಅರ್ಧ ದಿನ, ಒಂದು ದಿನ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಬೇಕು. ಮೂರನೆಯ ವಾರದಲ್ಲಿ ಮೀನು ಸಾಯುವುದರ ಗುಟ್ಟು ಇದೇ. ಆ ಹೊತ್ತಿಗೆ ಮೊದಲ ಗುಂಪು ಬೆಳೆದು ನೈಟ್ರೈಟ್ ತಯಾರಿಸುತ್ತಿರುತ್ತದೆ. ಎರಡನೆಯ ಗುಂಪು ಇನ್ನೂ ಎದ್ದು ನಿಂತಿರುವುದಿಲ್ಲ.

ಸೋಸುಕ ಕಟ್ಟುವ ಬಗೆ

ಈ ಬ್ಯಾಕ್ಟೀರಿಯಗಳು ನೀರಿನಲ್ಲಿ ತೇಲುವುದಕ್ಕಿಂತ ಗಟ್ಟಿ ವಸ್ತುಗಳ ಮೈಗೆ ಅಂಟಿಕೊಂಡು ಬೆಳೆಯುವುದೇ ಹೆಚ್ಚು. ಇವುಗಳಿಗೆ ಕಟ್ಟಿಕೊಡುವ ಮನೆಯನ್ನೇ ಜೈವಿಕ ಸೋಸುಕ ಎನ್ನುತ್ತಾರೆ. ಮೇಲೆ ಹೇಳಿದ 10,000 ಲಿಟರಿನ ಟಾಕಿಗೆ, ದಿನಕ್ಕೆ ಅರ್ಧ ಕಿಲೋ ಆಹಾರ ಮೀರದಂತಿದ್ದರೆ, 200 ಲಿಟರಿನ ಎರಡು ಪ್ಲಾಸ್ಟಿಕ್ ಡ್ರಮ್ಮುಗಳ ತುಂಬ 20 ಮಿಲಿಮೀಟರ್ ಗಾತ್ರದ ಖಡಿ ಸಾಕಾಗುತ್ತದೆ. ಖಡಿಯ ಬದಲು ಇಟ್ಟಿಗೆಯ ಚೂರು ಅಥವಾ ಇದಕ್ಕೆಂದೇ ದೊರೆಯುವ ಪ್ಲಾಸ್ಟಿಕ್ ತುಂಡುಗಳನ್ನೂ ಬಳಸಬಹುದು. ಉಸುಕು ಬೇಗ ಕಟ್ಟಿಕೊಳ್ಳುವುದರಿಂದ ಅದು ಯೋಗ್ಯವಲ್ಲ.

ಸೋಸುಕ ಕಟ್ಟುವಾಗ ಈ ಅಂಶಗಳನ್ನು ಗಮನಿಸಿರಿ.

1. ಟಾಕಿಯ ನೀರು ಖಡಿಗೆ ಹೋಗುವ ಮೊದಲು ಒಂದು ಸಣ್ಣ ತೊಟ್ಟಿಯಲ್ಲಿ ನಿಂತು, ಹಿಕ್ಕೆ ಮತ್ತು ಉಳಿದ ಆಹಾರ ತಳಕ್ಕೆ ಇಳಿಯಬೇಕು. ಈ ಗಸಿಯನ್ನು ದಿನವೂ ತೆಗೆಯಬೇಕು. ಗಸಿ ಖಡಿಯ ಮೇಲೆ ಕೂತರೆ ಒಳ್ಳೆಯ ಬ್ಯಾಕ್ಟೀರಿಯಗಳಿಗೆ ಆಮ್ಲಜನಕ ಸಿಗುವುದಿಲ್ಲ.

2. ಎರಡರಿಂದ ನಾಲ್ಕು ಗಂಟೆಗಳಲ್ಲಿ ಟಾಕಿಯ ಇಡೀ ನೀರು ಒಮ್ಮೆ ಸೋಸುಕವನ್ನು ಹಾದು ಬರುವಂತೆ ಪಂಪು ಇರಲಿ. ಪಂಪು ಹಗಲು ರಾತ್ರಿ ನಡೆಯಬೇಕು.

3. ನೀರು ಖಡಿಯ ಮೇಲಿನಿಂದ ತುಂತುರಾಗಿ ಬಿದ್ದು, ಗಾಳಿಯಾಡುವ ಖಡಿಯ ನಡುವೆ ಇಳಿದು ಬರುವ ರೀತಿ ನಮ್ಮ ಭಾಗಕ್ಕೆ ಹೆಚ್ಚು ಅನುಕೂಲ. ಕರೆಂಟು ಹೋದರೂ ಖಡಿ ತೇವವಾಗಿರುವವರೆಗೆ ಬ್ಯಾಕ್ಟೀರಿಯಗಳು ಗಾಳಿಯಿಂದಲೇ ಆಮ್ಲಜನಕ ಪಡೆಯುತ್ತವೆ. ನೀರಿನಲ್ಲಿ ಮುಳುಗಿದ ಖಡಿಯಲ್ಲಾದರೆ ಕೆಲವು ಗಂಟೆಗಳಲ್ಲಿ ಆಮ್ಲಜನಕ ಮುಗಿದು ಅವು ಸಾಯತೊಡಗುತ್ತವೆ.

4. ಟಾಕಿಯಲ್ಲಿ ಗಾಳಿ ಊದುವ ಯಂತ್ರ ಅವಶ್ಯ. 1 ಗ್ರಾಂ ಅಮೋನಿಯ ಸಾರಜನಕವನ್ನು ಅರಗಿಸಲು ಬ್ಯಾಕ್ಟೀರಿಯಗಳಿಗೆ 4 ಗ್ರಾಮಿಗೂ ಹೆಚ್ಚು ಆಮ್ಲಜನಕ ಬೇಕು. ಕರೆಂಟು ಹೋದಾಗ ಗಾಳಿ ಊದಲು ಬ್ಯಾಟರಿಯ ವ್ಯವಸ್ಥೆ ಇಲ್ಲದೆ ಈ ಕಸುಬಿಗೆ ಇಳಿಯಬಾರದು.

ಹೊಸ ಸಿಮೆಂಟಿನ ಟಾಕಿಯಾದರೆ ಮೊದಲು ಸಿಮೆಂಟಿನ ಖಾರ ಇಳಿಯಬೇಕು. ನೀರು ತುಂಬಿ ನಾಲ್ಕೈದು ದಿನ ಬಿಟ್ಟು ಹೊರಗೆ ಬಿಡಿ. ನಿಂತ ನೀರಿನ ರಸಸಾರ 8.5ಕ್ಕಿಂತ ಕೆಳಗೆ ಬರುವವರೆಗೆ ಹೀಗೆ ಮೂರು ನಾಲ್ಕು ಸಲ ಮಾಡಿ. ನಲ್ಲಿಯ ನೀರಾದರೆ ಅದರಲ್ಲಿರುವ ಕ್ಲೋರಿನ್ ಹೋಗಲು ಗಾಳಿ ಊದುತ್ತ ಒಂದೆರಡು ದಿನ ಬಿಡಬೇಕು. ಕ್ಲೋರಿನ್ ಮೀನಿಗೂ ಬ್ಯಾಕ್ಟೀರಿಯಕ್ಕೂ ವಿಷ. ಕೊಳವೆ ಬಾವಿಯ ನೀರಿನಲ್ಲಿ ಆಮ್ಲಜನಕ ಕಡಿಮೆ ಇರುವುದರಿಂದ ಅದಕ್ಕೂ ಒಂದು ದಿನ ಗಾಳಿ ಊದಿರಿ.

ನೀರು ಮಾಗಿಸುವ ಕ್ರಮ

ಹಸಿ ಗೊಬ್ಬರ ಹಾಕಿದ ಹೊಲದಲ್ಲಿ ತಕ್ಷಣ ಬಿತ್ತನೆ ಮಾಡುವುದಿಲ್ಲ. ಗೊಬ್ಬರ ಕಳಿಯಲು ಕಾಲ ಕೊಡುತ್ತೀರಿ. ಟಾಕಿಗೂ ಅದೇ ನ್ಯಾಯ. ಮೀನು ಬಿಡುವ ಮೊದಲೇ ಬ್ಯಾಕ್ಟೀರಿಯಗಳಿಗೆ ಉಣ್ಣಿಸಿ ಅವುಗಳನ್ನು ಬೆಳೆಸಬೇಕು. ಇದಕ್ಕೆ ನಿಮ್ಮ ಕೈಗೆ ಸುಲಭವಾಗಿ ಸಿಗುವ ಅಮೋನಿಯಂ ಸಲ್ಫೇಟ್ ಗೊಬ್ಬರ ಸಾಕು. ಅದರಲ್ಲಿ ಶೇಕಡಾ 20.5ರಷ್ಟು ಸಾರಜನಕವಿದೆ.

ಮೊದಲ ದಿನ: ಪಂಪು, ಗಾಳಿಯಂತ್ರ ಎರಡನ್ನೂ ಚಾಲೂ ಮಾಡಿ. 10,000 ಲಿಟರ್ ನೀರಿಗೆ 100 ಗ್ರಾಂ ಅಮೋನಿಯಂ ಸಲ್ಫೇಟನ್ನು ಬಕೆಟ್ಟಿನಲ್ಲಿ ಕರಗಿಸಿ ಹಾಕಿರಿ. ಇದರಿಂದ ಲಿಟರಿಗೆ ಸುಮಾರು 2 ಮಿಲಿಗ್ರಾಂ ಅಮೋನಿಯ ಸಾರಜನಕ ದೊರೆಯುತ್ತದೆ. ಜೊತೆಗೆ ಒಂದು ಹಿಡಿ ಮೀನಿನ ಆಹಾರ ಹಾಕಿದರೆ ಬ್ಯಾಕ್ಟೀರಿಯಗಳಿಗೆ ಬೇಕಾದ ರಂಜಕ ಮುಂತಾದ ಇತರ ಪೋಷಕಾಂಶಗಳೂ ಸಿಗುತ್ತವೆ.

ಮೊದಲ ಮತ್ತು ಎರಡನೆಯ ವಾರ: ಎರಡು ದಿನಕ್ಕೊಮ್ಮೆ ಬಣ್ಣದ ಹನಿಗಳ ಪರೀಕ್ಷಾ ಪೆಟ್ಟಿಗೆಯಿಂದ ಅಮೋನಿಯ ಪರೀಕ್ಷಿಸಿರಿ. ಆರಂಭದಲ್ಲಿ ಅಳತೆ ಇದ್ದಲ್ಲಿಯೇ ಇರುತ್ತದೆ. ಗಾಬರಿ ಬೇಡ, ಹೆಚ್ಚು ಗೊಬ್ಬರವನ್ನೂ ಹಾಕಬೇಡಿ. ಲಿಟರಿಗೆ 0.5 ಮಿಲಿಗ್ರಾಮಿಗೆ ಇಳಿದ ಮೇಲೆ ಮಾತ್ರ ಇನ್ನೊಂದು ಸಲ 100 ಗ್ರಾಂ ಹಾಕಿರಿ.

ಮೂರನೆಯ ಮತ್ತು ನಾಲ್ಕನೆಯ ವಾರ: ಅಮೋನಿಯ ಬೇಗ ಬೇಗ ಇಳಿಯುತ್ತದೆ, ನೈಟ್ರೈಟ್ ಏರುತ್ತದೆ. ಆಸೆ ಹುಟ್ಟುವ ಕಾಲ ಇದು. ಅಮೋನಿಯ ಇಲ್ಲವೆಂದು ಮರಿ ಬಿಟ್ಟರೆ ನೈಟ್ರೈಟ್ ಅವುಗಳನ್ನು ತೆಗೆದುಕೊಳ್ಳುತ್ತದೆ. ಈಗ ಗೊಬ್ಬರದ ಪ್ರಮಾಣವನ್ನು 50 ಗ್ರಾಮಿಗೆ ಇಳಿಸಿ ಮುಂದುವರಿಸಿರಿ.

ಐದನೆಯ ಮತ್ತು ಆರನೆಯ ವಾರ: ಒಂದು ದಿನ ನೈಟ್ರೈಟ್ ಕೂಡ ಇಳಿಯತೊಡಗುತ್ತದೆ. ಆಗ ಕೊನೆಯ ಪರೀಕ್ಷೆ ಮಾಡಿರಿ. 100 ಗ್ರಾಂ ಗೊಬ್ಬರ ಹಾಕಿ. 24 ಗಂಟೆಗಳಲ್ಲಿ ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆಗೆ ಬಂದರೆ ನೀರು ಮಾಗಿದೆ. ಬಾರದಿದ್ದರೆ ಇನ್ನೊಂದು ವಾರ ಕಾಯಿರಿ. ಕ್ಯಾಲೆಂಡರನ್ನಲ್ಲ, ಪರೀಕ್ಷೆಯನ್ನು ನಂಬಿರಿ.

ಮರಿ ತರುವ ಮೊದಲು ಅರ್ಧದಷ್ಟು ನೀರು ಬದಲಿಸಿ, ಕೂಡಿದ ನೈಟ್ರೇಟನ್ನು ಕಡಿಮೆ ಮಾಡಿಕೊಳ್ಳಿ. ಮೀನು ಬಿಟ್ಟ ಟಾಕಿಗೆ ಅಮೋನಿಯಂ ಸಲ್ಫೇಟನ್ನು ಎಂದೂ ಹಾಕಬಾರದು ಎಂಬುದನ್ನು ಮನೆಯವರಿಗೆಲ್ಲ ತಿಳಿಸಿರಿ.

ಈ ಅವಧಿಯಲ್ಲಿ ರಸಸಾರದ ಮೇಲೂ ಕಣ್ಣಿರಲಿ. ಬ್ಯಾಕ್ಟೀರಿಯಗಳ ಕೆಲಸದಿಂದ ನೀರಿನ ಕ್ಷಾರೀಯತೆ ಕರಗುತ್ತದೆ. ಗಡಸು ನೀರಿನ ಬಾವಿಗಳಲ್ಲಿ ಬೇಗ ತೊಂದರೆಯಾಗದು. ಆದರೆ ಹೊಳೆಯ ಅಥವಾ ಮಳೆಯ ಮೆದು ನೀರಾದರೆ ರಸಸಾರ 7ಕ್ಕಿಂತ ಕೆಳಗಿಳಿದು ಕೆಲಸ ಕುಂಟತೊಡಗುತ್ತದೆ. ಆಗ 10,000 ಲಿಟರಿಗೆ 250 ಗ್ರಾಂ ಅಡುಗೆ ಸೋಡಾ ಕರಗಿಸಿ ಹಾಕಿ, ಮರುದಿನ ಮತ್ತೆ ಅಳೆಯಿರಿ. ಡಿಸೆಂಬರ್, ಜನವರಿ ತಿಂಗಳುಗಳ ಚಳಿಯಲ್ಲಿ ಬ್ಯಾಕ್ಟೀರಿಯಗಳು ನಿಧಾನವಾಗಿ ಬೆಳೆಯುವುದರಿಂದ ಆಗ ಇನ್ನೂ ಒಂದೆರಡು ವಾರ ಹೆಚ್ಚು ಹಿಡಿಯಬಹುದು.

ಹೆಪ್ಪು ಹಾಕಿರಿ

ಹಾಲಿಗೆ ಹೆಪ್ಪು ಹಾಕದೆ ಮೊಸರು ಬೇಗ ಆಗುವುದಿಲ್ಲ. ಇಲ್ಲಿಯೂ ಹಾಗೆಯೇ. ಚೆನ್ನಾಗಿ ನಡೆಯುತ್ತಿರುವ, ರೋಗವಿಲ್ಲದ ಟಾಕಿಯೊಂದು ನಿಮ್ಮ ಪರಿಚಯದವರಲ್ಲಿ ಇದ್ದರೆ, ಅದರ ಸೋಸುಕದಿಂದ ಒಂದೆರಡು ಬುಟ್ಟಿ ಖಡಿಯನ್ನು ಕೇಳಿ ತನ್ನಿ. ಅದೇ ಟಾಕಿಯ ನೀರಿನಲ್ಲಿ ಒದ್ದೆಯಾಗಿಟ್ಟು, ಬಿಸಿಲು ತಾಗದಂತೆ ಮುಚ್ಚಿ, ಅದೇ ದಿನ ತಂದು ನಿಮ್ಮ ಖಡಿಯ ಮೇಲೆ ಹರಡಿ. ಆರು ವಾರಗಳ ಕೆಲಸ ಎರಡು ಮೂರು ವಾರಗಳಲ್ಲಿ ಆಗಬಹುದು. ರೋಗವಿದ್ದ ಟಾಕಿಯಿಂದ ತಂದರೆ ರೋಗವೂ ಜೊತೆಗೆ ಬರುತ್ತದೆ. ಆದುದರಿಂದ ವಿಚಾರಿಸಿಯೇ ತರಬೇಕು.

ಅಂಗಡಿಗಳಲ್ಲಿ ಸೀಸೆಗಳಲ್ಲಿ ಮಾರುವ ಬ್ಯಾಕ್ಟೀರಿಯಗಳ ಗುಣಮಟ್ಟ ಒಂದೇ ಬಗೆಯದಲ್ಲ. ಬಿಸಿಲಲ್ಲಿಟ್ಟ, ಹಳೆಯದಾದ ಸೀಸೆಯಿಂದ ಉಪಯೋಗ ಕಡಿಮೆ. ಯಾವುದನ್ನೇ ಹಾಕಿದರೂ ಕೊನೆಯ 24 ಗಂಟೆಗಳ ಪರೀಕ್ಷೆಯನ್ನು ತಪ್ಪಿಸಬೇಡಿ.

ಬೆಲ್ಲ ಅಥವಾ ಕಾಕಂಬಿ ಹಾಕಿ ನೀರಿನಲ್ಲಿಯೇ ಬ್ಯಾಕ್ಟೀರಿಯಗಳ ಗಡ್ಡೆ ಬೆಳೆಸುವ ಬಯೋಫ್ಲಾಕ್ ಪದ್ಧತಿಯ ಕ್ರಮ ಬೇರೆ. ಆದರೆ ಅಲ್ಲಿಯೂ ನೀರು ಸಿದ್ಧವಾಗುವ ಮೊದಲು ಮರಿ ತುಂಬಿದರೆ ಇದೇ ಗತಿ.

ಮರಿ ಬಿಡುವುದು

ಮಾಗಿದ ಟಾಕಿಯಲ್ಲಿಯೂ ಎಲ್ಲ ಮರಿಗಳನ್ನು ಒಂದೇ ದಿನ ಬಿಡಬಾರದು. ಮೊದಲು ಕಾಲು ಭಾಗ ಬಿಡಿ. ಮೊದಲ ವಾರ ಅರೆಹೊಟ್ಟೆ ಆಹಾರ ಕೊಡಿ. ಹತ್ತು ದಿನ ಅಮೋನಿಯ, ನೈಟ್ರೈಟ್ ಸೊನ್ನೆಯಲ್ಲಿ ನಿಂತರೆ ಮತ್ತೊಂದು ಕಾಲು ಭಾಗ ಬಿಡಿ. ಹೀಗೆ ಸುಮಾರು ಒಂದು ತಿಂಗಳಲ್ಲಿ ಪೂರ್ಣ ಸಂಖ್ಯೆ ತಲುಪಬಹುದು. ಸೋಸುಕದ ಶಕ್ತಿಯನ್ನು ಅಳೆಯುವುದು ಮೀನಿನ ಸಂಖ್ಯೆಯಿಂದಲ್ಲ, ಹಾಕುವ ಆಹಾರದಿಂದ. ಮೀನು ಬೆಳೆದಂತೆ ಆಹಾರ ಹೆಚ್ಚುತ್ತದೆ. ಮೇಲೆ ಹೇಳಿದ ಎರಡು ಡ್ರಮ್ಮುಗಳಿಗೆ ದಿನಕ್ಕೆ ಅರ್ಧ ಕಿಲೋ ಆಹಾರ ಮಿತಿ ಎಂದು ತಿಳಿಯಿರಿ. ಅದಕ್ಕಿಂತ ಹೆಚ್ಚು ಹಾಕಬೇಕಾದರೆ ಮೊದಲೇ ಇನ್ನೊಂದು ಡ್ರಮ್ಮು ಕೂಡಿಸಿ ಮಾಗಿಸಿಕೊಳ್ಳಿ.

ಮೀನು ಬಾಯಿ ಬಡಿಯತೊಡಗಿದರೆ

ಮೀನು ಮೇಲೆ ಬಂದು ಬಾಯಿ ಬಡಿಯುವುದು, ಆಹಾರ ಬಿಡುವುದು, ನೀರು ಬೀಳುವ ಜಾಗದಲ್ಲಿ ಗುಂಪುಗೂಡುವುದು ಕಂಡರೆ ಮೊದಲು ಗಾಳಿಯಂತ್ರ ನಡೆಯುತ್ತಿದೆಯೇ ನೋಡಿ. ಆಮೇಲೆ ಅಮೋನಿಯ, ನೈಟ್ರೈಟ್, ರಸಸಾರ ಮೂರನ್ನೂ ಅಳೆಯಿರಿ.

ಈ ಹೊತ್ತಿನಲ್ಲಿ ಸುಣ್ಣ ಹಾಕುವುದು ಕೆಲವರ ರೂಢಿ. ಕೆರೆ, ಹೊಂಡ ತಯಾರಿಸುವಾಗ ಸುಣ್ಣ ಉಪಯುಕ್ತ ನಿಜ. ಆದರೆ ಅಮೋನಿಯ ತುಂಬಿದ ಟಾಕಿಗೆ ಸುಣ್ಣ ಹಾಕಿದರೆ ರಸಸಾರ ಒಮ್ಮೆಲೆ ಏರುತ್ತದೆ, ಅಮೋನಿಯದ ವಿಷರೂಪ ಹಲವು ಪಟ್ಟು ಹೆಚ್ಚುತ್ತದೆ. ಉಳಿಯಬಹುದಾಗಿದ್ದ ಮೀನೂ ಒಂದೆರಡು ತಾಸಿನಲ್ಲಿ ಸಾಯುತ್ತದೆ.

ಅಮೋನಿಯ ಹೆಚ್ಚಿದ್ದರೆ ಆಹಾರವನ್ನು ಪೂರ್ತಿ ನಿಲ್ಲಿಸಿ. ಮೂರನೆಯ ಒಂದು ಭಾಗದಿಂದ ಅರ್ಧದವರೆಗೆ ನೀರನ್ನು, ಕ್ಲೋರಿನ್ ಇಲ್ಲದ, ಹೆಚ್ಚುಕಡಿಮೆ ಅಷ್ಟೇ ಉಷ್ಣತೆಯ ನೀರಿನಿಂದ ಬದಲಿಸಿ. ಅವಶ್ಯವಿದ್ದರೆ ಮರುದಿನವೂ ಹೀಗೆಯೇ ಮಾಡಿ.

ನೈಟ್ರೈಟ್ ಹೆಚ್ಚಿದ್ದರೆ ನೀರು ಬದಲಿಸುವುದರ ಜೊತೆಗೆ ಉಪ್ಪು ನೆರವಾಗುತ್ತದೆ. ಉಪ್ಪಿನಲ್ಲಿರುವ ಕ್ಲೋರೈಡ್, ಕಿವಿರಿನ ಮೂಲಕ ನೈಟ್ರೈಟ್ ಒಳಗೆ ನುಗ್ಗುವುದನ್ನು ತಡೆಯುತ್ತದೆ. 10,000 ಲಿಟರ್ ನೀರಿಗೆ ಸುಮಾರು ಒಂದೂ ಮುಕ್ಕಾಲು ಕಿಲೋ ಹರಳುಪ್ಪನ್ನು ಕರಗಿಸಿ ಹಾಕಿದರೆ ಲಿಟರಿಗೆ 100 ಮಿಲಿಗ್ರಾಂ ಕ್ಲೋರೈಡ್ ಕೂಡುತ್ತದೆ. ಇದು ವಿಷವನ್ನು ತೆಗೆಯುವುದಿಲ್ಲ, ಬ್ಯಾಕ್ಟೀರಿಯಗಳು ಬೆಳೆಯುವವರೆಗೆ ಮೀನನ್ನು ಕಾಯುತ್ತದೆ ಅಷ್ಟೆ.

ಸೋಸುಕದ ಆರೈಕೆ

ಮಾಗಿದ ಸೋಸುಕವನ್ನು ಕೆಡಿಸುವುದು ಸುಲಭ, ಮತ್ತೆ ಕಟ್ಟುವುದು ಕಷ್ಟ. ಖಡಿಯ ಮೇಲೆ ಕಂದು ಲೋಳೆ ಕಂಡಾಗ ಕೊಳೆಯೆಂದು ತಿಳಿದು ನಲ್ಲಿ ನೀರಿನಲ್ಲಿ ತಿಕ್ಕಿ ತೊಳೆಯುವವರಿದ್ದಾರೆ. ಆ ಲೋಳೆಯಲ್ಲಿಯೇ ನಿಮ್ಮ ದುಡಿಮೆಗಾರರಿದ್ದಾರೆ. ನೀರು ಕಟ್ಟಿಕೊಂಡರೆ ಮಾತ್ರ, ಒಂದು ಸಲಕ್ಕೆ ಒಂದೇ ಡ್ರಮ್ಮಿನ ಖಡಿಯನ್ನು ಟಾಕಿಯ ನೀರಿನಲ್ಲಿಯೇ ಜಾಲಿಸಿ. ಇನ್ನೊಂದನ್ನು ಎರಡು ಮೂರು ವಾರ ಮುಟ್ಟಬೇಡಿ.

ಮೀನಿಗೆ ರೋಗ ಬಂದರೆ ಬೇರೆ ತೊಟ್ಟಿಯಲ್ಲಿಟ್ಟು ಉಪಚರಿಸಿ. ಪೊಟ್ಯಾಸಿಯಂ ಪರ್ಮ್ಯಾಂಗನೇಟ್, ಫಾರ್ಮಲಿನ್, ಪ್ರತಿಜೈವಿಕ ಔಷಧಿಗಳನ್ನು ಮುಖ್ಯ ಟಾಕಿಗೆ ಹಾಕಿದರೆ ಸೋಸುಕದ ಬ್ಯಾಕ್ಟೀರಿಯಗಳೂ ಸಾಯಬಹುದು. ಆಗ ನೀವು ಮತ್ತೆ ಮೊದಲ ವಾರಕ್ಕೆ ಹಿಂತಿರುಗಿದಂತೆ. ಎರಡು ಬೆಳೆಗಳ ನಡುವೆ ಟಾಕಿ ಖಾಲಿ ಇದ್ದರೂ ಪಂಪು ನಿಲ್ಲಿಸದೆ, ಬ್ಯಾಕ್ಟೀರಿಯಗಳಿಗೆ ಅಲ್ಪ ಪ್ರಮಾಣದ ಅಮೋನಿಯಂ ಸಲ್ಫೇಟ್ ಉಣ್ಣಿಸುತ್ತಿರಿ. ಹೊಸ ಮರಿ ಬಿಡುವ ಮೊದಲು ಅದನ್ನು ನಿಲ್ಲಿಸಿ, ನೀರನ್ನು ಇನ್ನೊಮ್ಮೆ ಪರೀಕ್ಷಿಸಿಕೊಳ್ಳಿ.

ಉಪ್ಪುನೀರಿನ ತೊಟ್ಟಿಯಾದರೆ

ಹೋಟೆಲಿನಲ್ಲಿ, ಶಾಲೆಯಲ್ಲಿ, ಮನೆಯಲ್ಲಿ ಕಡಲ ಬಣ್ಣದ ಮೀನುಗಳ ಗಾಜಿನ ತೊಟ್ಟಿ ಇಡುವ ಆಸೆ ಈಗ ಒಳನಾಡಿಗೂ ಬಂದಿದೆ. ಅದಕ್ಕೂ ನಿಯಮ ಇದೇ. ಕೆಲವು ವ್ಯತ್ಯಾಸಗಳನ್ನು ಮಾತ್ರ ತಿಳಿದಿರಬೇಕು.

ಕಡಲ ನೀರಿನಲ್ಲಿ ಲಿಟರಿಗೆ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಅಡುಗೆ ಉಪ್ಪು ಕರಗಿಸಿದರೆ ಕಡಲ ನೀರಾಗುವುದಿಲ್ಲ. ಮೆಗ್ನೀಸಿಯಂ, ಕ್ಯಾಲ್ಸಿಯಂ ಮುಂತಾದವೂ ಇರಬೇಕು. ಇದಕ್ಕೆಂದೇ ತಯಾರಿಸಿದ ಲವಣ ಮಿಶ್ರಣವನ್ನು ಬಳಸಬೇಕು. ಇದರ ರಸಸಾರ 8ಕ್ಕಿಂತ ಮೇಲಿರುವುದರಿಂದ ಅಮೋನಿಯದ ಅಪಾಯ ಹೆಚ್ಚು. ಕ್ಲೋರೈಡ್ ಹೇರಳವಾಗಿರುವುದರಿಂದ ನೈಟ್ರೈಟಿನ ಅಪಾಯ ಸಿಹಿನೀರಿನಲ್ಲಿರುವುದಕ್ಕಿಂತ ಕಡಿಮೆ. ಮಾಗಲು ಆರರಿಂದ ಎಂಟು ವಾರ ಹಿಡಿಯಬಹುದು. ಸಿಹಿನೀರಿನ ಖಡಿಯ ಹೆಪ್ಪು ಇಲ್ಲಿ ಸರಿಯಾಗಿ ಹತ್ತುವುದಿಲ್ಲ; ನಡೆಯುತ್ತಿರುವ ಉಪ್ಪುನೀರಿನ ತೊಟ್ಟಿಯಿಂದಲೇ ತರಬೇಕು. ನೀರು ಆವಿಯಾದಾಗ ಉಪ್ಪು ಉಳಿಯುವುದರಿಂದ, ಕಡಿಮೆಯಾದ ಮಟ್ಟವನ್ನು ಸಿಹಿನೀರಿನಿಂದ ತುಂಬಬೇಕು.

ಹವಳದ ಕಲ್ಲು ತಂದಿಟ್ಟರೆ ನೀರು ಬೇಗ ಮಾಗುತ್ತದೆ ಎಂದು ಹೇಳುವವರಿದ್ದಾರೆ. ನಮ್ಮ ಕಡಲಿನ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಅವುಗಳನ್ನು ಕಿತ್ತು ತರುವುದು, ಮಾರುವುದು ಅಪರಾಧ. ಖಡಿ, ಸೆರಾಮಿಕ್ ತುಂಡುಗಳಿಂದಲೇ ಒಳ್ಳೆಯ ಸೋಸುಕ ಕಟ್ಟಬಹುದು. ಈ ತೊಟ್ಟಿಗಳಿಂದ ವಿಜ್ಞಾನಕ್ಕೂ ಲಾಭವಾಗಿದೆ. ಅಮೋನಿಯ ಅರಗಿಸುವ, ಬ್ಯಾಕ್ಟೀರಿಯವಲ್ಲದ ಮತ್ತೊಂದು ಬಗೆಯ ಸೂಕ್ಷ್ಮಜೀವಿಯನ್ನು ಮೊದಲ ಸಲ ಬೇರ್ಪಡಿಸಿದ್ದು ಅಮೆರಿಕದ ಸಿಯಾಟಲ್ ನಗರದ ಮತ್ಸ್ಯಾಲಯದ ಉಪ್ಪುನೀರಿನ ತೊಟ್ಟಿಯಿಂದ. ಅದು ಪ್ರಕಟವಾದದ್ದು 2005ರಲ್ಲಿ.

ಹಳೆಯ ನೀರು ಎಲ್ಲಿಗೆ?

ಸೋಸುಕ ಅಮೋನಿಯವನ್ನು ನೈಟ್ರೇಟ್ ಮಾಡುತ್ತದೆಯೇ ಹೊರತು ಸಾರಜನಕವನ್ನು ಟಾಕಿಯಿಂದ ಹೊರಹಾಕುವುದಿಲ್ಲ. ಆದುದರಿಂದ ಆಗಾಗ ಸ್ವಲ್ಪ ನೀರು ಬದಲಿಸಲೇಬೇಕು. ಸಿಹಿನೀರಿನ ಟಾಕಿಯ ಈ ನೀರು ಬೆಳೆಗೆ ಗೊಬ್ಬರ. ಲಿಟರಿಗೆ 100 ಮಿಲಿಗ್ರಾಂ ನೈಟ್ರೇಟ್ ಇರುವ 1,000 ಲಿಟರ್ ನೀರಿನಲ್ಲಿ ಸುಮಾರು 22 ಗ್ರಾಂ ಸಾರಜನಕವಿರುತ್ತದೆ. ಕಾಯಿಪಲ್ಲೆ, ಮೇವಿನ ಹುಲ್ಲು, ತೆಂಗಿನ ಬುಡಕ್ಕೆ ಹರಿಸಿರಿ.

ಉಪ್ಪುನೀರಿನ ತೊಟ್ಟಿಯ ನೀರನ್ನು ಮಾತ್ರ ಹೊಲಕ್ಕೆ ಬಿಡಲೇಬಾರದು. ಅಂಥ 1,000 ಲಿಟರಿನಲ್ಲಿ 35 ಕಿಲೋ ಉಪ್ಪಿದೆ. ಘಟಪ್ರಭಾ ಅಚ್ಚುಕಟ್ಟಿನ ಕಪ್ಪು ಭೂಮಿಯಲ್ಲಿ ಅತಿಯಾದ ನೀರಾವರಿಯಿಂದ ಸವುಳಾದ ಹೊಲಗಳನ್ನು ನೀವೇ ಕಂಡಿದ್ದೀರಿ. ಕೈಯಾರೆ ಆ ತೊಂದರೆಯನ್ನು ಹೆಚ್ಚಿಸಿಕೊಳ್ಳಬಾರದು.

ನೆನಪಿಡಬೇಕಾದ ಅಂಶಗಳು

1. ಮೊದಲು ಬ್ಯಾಕ್ಟೀರಿಯ ಬೆಳೆಸಿ, ಆಮೇಲೆ ಮೀನು ಬೆಳೆಸಿ.

2. ಸಿಹಿನೀರಿಗೆ ನಾಲ್ಕರಿಂದ ಆರು ವಾರ, ಉಪ್ಪುನೀರಿಗೆ ಆರರಿಂದ ಎಂಟು ವಾರ ಕಾಯಲು ಸಿದ್ಧರಿರಿ.

3. 24 ಗಂಟೆಗಳ ಪರೀಕ್ಷೆಯಲ್ಲಿ ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆಯಾಗದೆ ಮರಿಗೆ ಮುಂಗಡ ಕೊಡಬೇಡಿ.

4. ಮರಿಗಳನ್ನು ಕಂತುಗಳಲ್ಲಿ ಬಿಡಿ. ಆಹಾರವನ್ನು ತೂಗಿ ಹಾಕಿ.

5. ಸಾಯುತ್ತಿರುವ ಮೀನಿನ ಟಾಕಿಗೆ ಸುಣ್ಣ ಹಾಕಬೇಡಿ.

6. ಸೋಸುಕವನ್ನು ಟಾಕಿಯ ನೀರಿನಲ್ಲಿ ಮಾತ್ರ ಜಾಲಿಸಿ.

ಟಾಕಿ ಕಟ್ಟುವ ಮೊದಲೇ ನಿಮ್ಮ ನೀರಿನ ರಸಸಾರ, ಗಡಸುತನ, ಕ್ಷಾರೀಯತೆಗಳನ್ನು ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಛೇರಿಯಲ್ಲಿ ಅಥವಾ ತುಕ್ಕಾನಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಈ ಬಗ್ಗೆ ವಿಚಾರಿಸಬಹುದು. ಆರು ವಾರ ಖಾಲಿ ಟಾಕಿಗೆ ಪಂಪು ನಡೆಸುವುದು ದಂಡವೆನಿಸಬಹುದು. ಆದರೆ ಆ ಕರೆಂಟಿನ ಖರ್ಚು, ಒಂದು ಸಲ ಸತ್ತ ಮರಿಗಳ ಬೆಲೆಯ ಮುಂದೆ ಅಲ್ಪವೇ. ಹದ ನೋಡಿ ಬಿತ್ತುವ ರೈತರಿಗೆ ಹದ ನೋಡಿ ಮರಿ ಬಿಡುವುದು ಕಷ್ಟವಾಗಲಾರದು.